ಭೂಕಂಪ: ಸ್ಥಾನ ನಿರ್ಣಯ ಮತ್ತು ಪರಿಮಾಣ ಮಾಪನ

ನೆಲದೊಳಗೆ ಬಂಡೆ ಬಿರಿದು ಸರಿದಾಗ ಹೊರಡುವ ಅಲೆಗಳನ್ನು ಹಲವು ನಿಲ್ದಾಣಗಳಲ್ಲಿ ದಾಖಲಿಸಿ, ಅವು ಬಂದು ಮುಟ್ಟಿದ ಹೊತ್ತಿನಿಂದ ಬಂಡೆ ಸರಿದ ಜಾಗ, ಆಳ ಮತ್ತು ಕ್ಷಣವನ್ನು ಕಂಡುಹಿಡಿಯುವುದು ಭೂಕಂಪದ ಸ್ಥಾನ ನಿರ್ಣಯ. ಅವೇ ಅಲೆಗಳ ಕಂಪನ ವಿಸ್ತಾರದಿಂದ ಭೂಕಂಪದ ಗಾತ್ರವನ್ನು ಒಂದು ಸಂಖ್ಯೆಯಾಗಿ ಲೆಕ್ಕಹಾಕುವುದು ಪರಿಮಾಣ ಮಾಪನ. ಎರಡೂ ಭೂಕಂಪವಿಜ್ಞಾನದ ಮೂಲ ಕೆಲಸಗಳು. ಮೊದಲನೆಯದು ಗಡಿಯಾರವನ್ನು ಆಧರಿಸಿದೆ, ಎರಡನೆಯದು ಅಳತೆಪಟ್ಟಿಯನ್ನು. ಜನರಿಗೆ ಆದ ಅನುಭವ ಈ ಎರಡಕ್ಕೂ ನೇರ ಆಧಾರವಲ್ಲ. 2021ರ ಜನವರಿ 21ರ ರಾತ್ರಿ ರಾಗಿಗುಡ್ಡ ಸೇರಿದಂತೆ ಶಿವಮೊಗ್ಗ ನಗರದಲ್ಲಿ, ಭದ್ರಾವತಿಯಲ್ಲಿ ಮತ್ತು ನೆರೆಯ ಜಿಲ್ಲೆಗಳಲ್ಲಿ ಜನ ಭೂಕಂಪವೆಂದು ತಿಳಿದ ನಡುಕವು ಕಲ್ಲುಕ್ವಾರಿಯೊಂದರ ಸ್ಫೋಟವಾಗಿತ್ತು ಎಂಬುದು ಇದಕ್ಕೆ ಕರ್ನಾಟಕದ ಸ್ಪಷ್ಟ ಉದಾಹರಣೆ.

ಪರಿಭಾಷೆ

ಬಂಡೆ ಮೊದಲು ಬಿರಿಯುವ, ನೆಲದಡಿಯ ಬಿಂದು ಭೂಕಂಪನಾಭಿ. ಅದಕ್ಕೆ ನೇರವಾಗಿ ನೆಲದ ಮೇಲಿರುವ ಬಿಂದು ಅಧಿಕೇಂದ್ರ. ವಾರ್ತೆಗಳಲ್ಲಿ ಬರುವ ‘ಕೇಂದ್ರಬಿಂದು’ ಇದೇ. ಬಿರಿತ ಆರಂಭವಾದ ಕ್ಷಣ ಉಗಮಕಾಲ. ಎರಡು ಬಂಡೆರಾಶಿಗಳು ಒಂದಕ್ಕೊಂದು ಉಜ್ಜಿಕೊಂಡು ಸರಿಯುವ ಬಿರುಕಿನ ಸಮತಲ ಸ್ತರಭಂಗ. ಭೂಕಂಪಮಾಪಕ ನೆಲದ ಚಲನೆಯನ್ನು ಗ್ರಹಿಸುವ ಉಪಕರಣ. ಅದು ಬರೆದಿಟ್ಟ ಗೆರೆ ಭೂಕಂಪಲೇಖ.

ಪರಿಮಾಣ ಎಂದರೆ ಭೂಕಂಪದ ಗಾತ್ರ. ಒಂದು ಭೂಕಂಪಕ್ಕೆ ಅದು ಒಂದೇ. ತೀವ್ರತೆ ಎಂದರೆ ಒಂದು ಜಾಗದಲ್ಲಿ ನಡುಕ ಎಷ್ಟು ಬಲವಾಗಿತ್ತು ಎಂಬುದು. ಅದು ಊರಿಂದ ಊರಿಗೆ ಬೇರೆಯಾಗುತ್ತದೆ. ಪತ್ರಿಕೆಗಳಲ್ಲಿ ಪರಿಮಾಣವನ್ನೂ ತೀವ್ರತೆ ಎಂದೇ ಬರೆಯುವ ರೂಢಿ ಇದೆ. ಈ ಲೇಖನದಲ್ಲಿ ಅವೆರಡನ್ನೂ ಬೇರೆಬೇರೆಯಾಗಿಯೇ ಬಳಸಲಾಗಿದೆ.

ಉಗಮ

ನೆಲದ ನಡುಕವನ್ನು ತೋರಿಸುವ ಮೊದಲ ಸಾಧನವನ್ನು ಚೀನಾದ ಜಾಂಗ್ ಹೆಂಗ್ ಕ್ರಿ.ಶ. 132ರಲ್ಲಿ ಮಾಡಿದ. ಅದು ಕಂಪನ ಬಂದುದನ್ನು ತಿಳಿಸುತ್ತಿತ್ತೇ ಹೊರತು ದಾಖಲಿಸುತ್ತಿರಲಿಲ್ಲ. ಕಾಲದೊಂದಿಗೆ ನೆಲದ ಚಲನೆಯನ್ನು ಬರೆಯುವ ಉಪಕರಣಗಳು 1880ರ ದಶಕದಲ್ಲಿ ಜಪಾನಿನಲ್ಲಿ ಜಾನ್ ಮಿಲ್ನ್, ಜೇಮ್ಸ್ ಯೂಯಿಂಗ್ ಮತ್ತು ಥಾಮಸ್ ಗ್ರೇ ಅವರ ಕೈಯಲ್ಲಿ ರೂಪುಗೊಂಡವು. 1889ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿದ್ದ ಸೂಕ್ಷ್ಮ ಲೋಲಕವೊಂದು ಜಪಾನಿನ ಭೂಕಂಪವನ್ನು ದಾಖಲಿಸಿತು. ಭೂಮಿಯ ಒಂದು ಬದಿಯ ಭೂಕಂಪವನ್ನು ಮತ್ತೊಂದು ಬದಿಯಲ್ಲಿ ಕುಳಿತು ಅಳೆಯಬಹುದು ಎಂಬುದು ಅಲ್ಲಿಂದ ಖಚಿತವಾಯಿತು.

ಮುಂದಿನ ಹೆಜ್ಜೆಯಲ್ಲಿ ಭಾರತದ ಪಾಲು ದೊಡ್ಡದು. 1897ರ ಜೂನ್ 12ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಮ್, ದೂರದ ನಿಲ್ದಾಣಗಳ ಭೂಕಂಪಲೇಖಗಳಲ್ಲಿ ಮೂರು ಬಗೆಯ ಅಲೆಗಳು ಒಂದರ ಹಿಂದೊಂದು ಬರುವುದನ್ನು ಬಿಡಿಸಿ ತೋರಿಸಿದರು. ಅದೇ ಭೂಕಂಪದ ಪರಿಣಾಮವಾಗಿ 1898ರಲ್ಲಿ ಕಲ್ಕತ್ತೆಯ ಅಲಿಪೋರ್‌ನಲ್ಲಿ ದೇಶದ ಮೊದಲ ಭೂಕಂಪ ವೀಕ್ಷಣಾಲಯ ಆರಂಭವಾಯಿತು. ಮುಂಬಯಿಯ ಕೊಲಾಬಾ ಮತ್ತು ಕೊಡೈಕೆನಾಲ್‌ಗಳಲ್ಲಿಯೂ ಮಿಲ್ನ್ ಮಾಪಕಗಳು ಬಂದವು.

ಅಲೆಗಳು

ಭೂಕಂಪನಾಭಿಯಿಂದ ಎರಡು ಬಗೆಯ ಅಲೆಗಳು ಭೂಮಿಯ ಒಡಲಿನ ಮೂಲಕ ಸಾಗುತ್ತವೆ. ಪ್ರಾಥಮಿಕ ಅಲೆ, ಅಂದರೆ ಪಿ ಅಲೆ, ಸಾಗುವ ದಿಕ್ಕಿನಲ್ಲೇ ಬಂಡೆಯನ್ನು ಒತ್ತುತ್ತ ಸಡಿಲಿಸುತ್ತ ಹೋಗುತ್ತದೆ. ದ್ವಿತೀಯಕ ಅಲೆ, ಅಂದರೆ ಎಸ್ ಅಲೆ, ಬಂಡೆಯನ್ನು ಸಾಗುವ ದಿಕ್ಕಿಗೆ ಅಡ್ಡಲಾಗಿ ಅಲುಗಿಸುತ್ತದೆ. ದ್ರವದಲ್ಲಿ ಅದು ಸಾಗದು. ಭೂತೊಗಟೆಯ ಗಟ್ಟಿ ಬಂಡೆಯಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಅಲೆಯದು ಸುಮಾರು 3.5 ಕಿ.ಮೀ. ಇವೆರಡರ ಹಿಂದೆ ನೆಲದ ಮೇಲ್ಪದರವನ್ನೇ ಹಿಡಿದು ಬರುವ ಮೇಲ್ಮೈ ಅಲೆಗಳು ಇನ್ನೂ ನಿಧಾನ. ದೂರದ ದೊಡ್ಡ ಭೂಕಂಪಗಳ ದಾಖಲೆಯಲ್ಲಿ ಎಲ್ಲಕ್ಕಿಂತ ಎತ್ತರವಾಗಿ ಕಾಣುವವು ಅವೇ.

ಶಿವಮೊಗ್ಗ ಮತ್ತು ಭದ್ರಾವತಿ ಪಶ್ಚಿಮ ಧಾರವಾಡ ಕ್ರೇಟಾನ್ ಎಂಬ ಪ್ರಾಚೀನ ಶಿಲಾಖಂಡದ ಮೇಲಿವೆ. ಇಲ್ಲಿನ ನೈಸ್ ಶಿಲೆಗಳೂ ಶಿವಮೊಗ್ಗ ಶಿಸ್ಟ್ ಪಟ್ಟಿಯ ಶಿಲೆಗಳೂ 250 ಕೋಟಿ ವರ್ಷಗಳಿಗಿಂತ ಹಳೆಯವು. ಇಂಥ ತಣಿದ, ಗಟ್ಟಿ ನೆಲ ಅಲೆಗಳ ಶಕ್ತಿಯನ್ನು ಕಡಿಮೆ ಹೀರುತ್ತದೆ. ಆದ್ದರಿಂದಲೇ ಪರ್ಯಾಯದ್ವೀಪದ ಮಧ್ಯಮ ಗಾತ್ರದ ಭೂಕಂಪ ಕೂಡ ಅಧಿಕೇಂದ್ರದಿಂದ ಬಹುದೂರದವರೆಗೆ ಅರಿವಿಗೆ ಬರುತ್ತದೆ. ಪಶ್ಚಿಮ ಧಾರವಾಡ ಕ್ರೇಟಾನ್‌ನ ಅಡಿ ಭೂತೊಗಟೆಯ ದಪ್ಪ 40 ಕಿ.ಮೀ.ಗೂ ಹೆಚ್ಚು, ಪೂರ್ವಭಾಗದಲ್ಲಿ ಅದು ತೆಳು. ಸ್ಥಾನ ನಿರ್ಣಯದ ಲೆಕ್ಕದಲ್ಲಿ ಈ ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ.

ಉಪಕರಣ ಮತ್ತು ನಿಲ್ದಾಣ

ಭೂಕಂಪಮಾಪಕದ ತತ್ತ್ವ ಜಡತ್ವ. ಚೌಕಟ್ಟಿಗೆ ಸ್ಪ್ರಿಂಗ್‌ನಿಂದ ತೂಗುಬಿಟ್ಟ ಭಾರವೊಂದು, ನೆಲ ಮತ್ತು ಚೌಕಟ್ಟು ಅಲುಗಿದರೂ ಕ್ಷಣಕಾಲ ಇದ್ದಲ್ಲೇ ಇರುತ್ತದೆ. ಭಾರಕ್ಕೂ ಚೌಕಟ್ಟಿಗೂ ನಡುವೆ ಆದ ಸ್ಥಾನಭೇದವೇ ನೆಲದ ಚಲನೆ. ಹಳೆಯ ಮಾಪಕಗಳು ಇದನ್ನು ಹೊಗೆ ಹಿಡಿಸಿದ ಕಾಗದದ ಮೇಲೋ ಫೋಟೋ ಕಾಗದದ ಮೇಲೋ ಬರೆಯುತ್ತಿದ್ದವು. ಈಗಿನ ಬ್ರಾಡ್‌ಬ್ಯಾಂಡ್ ಮಾಪಕದಲ್ಲಿ ಭಾರ ಸರಿಯದಂತೆ ವಿದ್ಯುತ್ಕಾಂತೀಯ ಬಲ ಹಿಡಿದಿಡುತ್ತದೆ. ಹಾಗೆ ಹಿಡಿದಿಡಲು ಬೇಕಾದ ವಿದ್ಯುತ್ತನ್ನು ಸೆಕೆಂಡಿಗೆ ಸಾಮಾನ್ಯವಾಗಿ 100 ಬಾರಿ ಅಂಕಿಗಳಾಗಿ ದಾಖಲಿಸಲಾಗುತ್ತದೆ. ಒಂದು ನಿಲ್ದಾಣ ಮೂರು ದಿಕ್ಕುಗಳ ಚಲನೆಯನ್ನು ಅಳೆಯುತ್ತದೆ: ಮೇಲೆ–ಕೆಳಗೆ, ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ. ಬಲವಾದ ನಡುಕದಲ್ಲಿ ಸೂಕ್ಷ್ಮ ಮಾಪಕದ ದಾಖಲೆ ಮಿತಿ ಮೀರಿ ಕತ್ತರಿಸಿಹೋಗುವುದರಿಂದ ಪಕ್ಕದಲ್ಲಿ ವೇಗೋತ್ಕರ್ಷ ಮಾಪಕವನ್ನೂ ಇಡುತ್ತಾರೆ.

ಮಾಪಕದಷ್ಟೇ ಮುಖ್ಯವಾದುದು ಗಡಿಯಾರ. ಪಿ ಅಲೆಯ ವೇಗದಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲು ತಪ್ಪಿದರೆ ದೂರದಲ್ಲಿ 600 ಮೀಟರ್ ತಪ್ಪುತ್ತದೆ. ಮೊದಲು ರೇಡಿಯೋ ಸಂಕೇತದಿಂದ ಸರಿಪಡಿಸುತ್ತಿದ್ದ ಗಡಿಯಾರಗಳನ್ನು ಈಗ ಜಿಪಿಎಸ್ ಉಪಗ್ರಹಗಳು ನಡೆಸುತ್ತವೆ.

ನಿಲ್ದಾಣಕ್ಕೆ ಬಂಡೆಯ ನೆಲೆ ಬೇಕು, ಸದ್ದು ಇರಬಾರದು. ರೈಲು, ಲಾರಿ, ಕಲ್ಲು ಪುಡಿಮಾಡುವ ಕ್ರಷರ್, ದೊಡ್ಡ ಯಂತ್ರ, ಮರಗಳನ್ನು ತೂಗಾಡಿಸುವ ಗಾಳಿ ಎಲ್ಲವೂ ದಾಖಲೆಯಲ್ಲಿ ಗದ್ದಲವಾಗಿ ಬೀಳುತ್ತವೆ. 1923ರಿಂದ ಕಬ್ಬಿಣದ ಕಾರ್ಖಾನೆ ನಡೆದ ಭದ್ರಾವತಿಯಂಥ ಊರಿನ ನಡುವೆ ಸೂಕ್ಷ್ಮ ಮಾಪಕ ಇಡುವುದಿಲ್ಲ. ಊರಿನಿಂದ ದೂರದ ಗುಡ್ಡ, ಸುರಂಗ ಅಥವಾ ಅಣೆಕಟ್ಟೆಯ ಬಳಿಯ ಬಂಡೆಯ ಮೇಲಿನ ಕೋಣೆ ಅದಕ್ಕೆ ತಕ್ಕ ಜಾಗ.

ಅಧಿಕೇಂದ್ರವನ್ನು ಕಂಡುಹಿಡಿಯುವುದು

ಎರಡು ಬಸ್ಸುಗಳು ಒಂದೇ ನಿಲ್ದಾಣದಿಂದ ಒಂದೇ ಹೊತ್ತಿಗೆ ಹೊರಟು ಬೇರೆಬೇರೆ ವೇಗದಲ್ಲಿ ಓಡಿದರೆ ದೂರ ಹೋದಂತೆ ಅವುಗಳ ನಡುವಿನ ಅಂತರ ಬೆಳೆಯುತ್ತದೆ. ಪಿ ಮತ್ತು ಎಸ್ ಅಲೆಗಳ ನಡುವಿನ ಕಾಲಾಂತರವೂ ಹೀಗೆಯೇ ಬೆಳೆಯುವುದರಿಂದ ಅದು ದೂರದ ಅಳತೆಯಾಗುತ್ತದೆ. ಮೇಲೆ ಹೇಳಿದ ವೇಗಗಳಲ್ಲಿ, ಕಾಲಾಂತರದ ಪ್ರತಿ ಸೆಕೆಂಡೂ ಸುಮಾರು 8 ಕಿ.ಮೀ. ದೂರಕ್ಕೆ ಸಮ. ಉಗಮಕಾಲ ಗೊತ್ತಿಲ್ಲದಿದ್ದರೂ, ಒಂದೇ ನಿಲ್ದಾಣದ ದಾಖಲೆಯಿಂದ ಭೂಕಂಪ ಎಷ್ಟು ದೂರದ್ದೆಂದು ಹೇಳಲು ಈ ಗುಣಾಕಾರ ಸಾಕು.

ಶಿವಮೊಗ್ಗದ ಹತ್ತಿರ ಒಂದು ಭೂಕಂಪವಾಯಿತೆಂದು ಉದಾಹರಣೆಗೆ ಇಟ್ಟುಕೊಂಡರೆ, ನೇರ ರೇಖೆಯಲ್ಲಿ ಸುಮಾರು 200 ಕಿ.ಮೀ. ದೂರದ ಗೌರಿಬಿದನೂರಿನ ನಿಲ್ದಾಣಕ್ಕೆ ಪಿ ಅಲೆ ಸುಮಾರು 33 ಸೆಕೆಂಡಿನಲ್ಲಿ ಮುಟ್ಟುತ್ತದೆ, ಎಸ್ ಅಲೆ 57 ಸೆಕೆಂಡಿನ ಸುಮಾರಿಗೆ. ಅಲ್ಲಿನ ದಾಖಲೆಯಲ್ಲಿ ಕಾಣುವುದು 24 ಸೆಕೆಂಡಿನ ಅಂತರ ಮಾತ್ರ. ಅದರಿಂದ ದೂರ ಸಿಕ್ಕಿತು, ದಿಕ್ಕು ಸಿಗಲಿಲ್ಲ. ಗೌರಿಬಿದನೂರನ್ನು ನಡುವೆ ಇಟ್ಟು 200 ಕಿ.ಮೀ. ತ್ರಿಜ್ಯದ ವೃತ್ತ ಎಳೆದರೆ ಆ ವೃತ್ತದ ಮೇಲೆ ಎಲ್ಲಿಯಾದರೂ ಭೂಕಂಪ ಆಗಿರಬಹುದು. ಎರಡನೆಯ ನಿಲ್ದಾಣದ ವೃತ್ತ ಇದನ್ನು ಎರಡು ಕಡೆ ಕತ್ತರಿಸುತ್ತದೆ. ಮೂರನೆಯದು ಆ ಎರಡರಲ್ಲಿ ಒಂದನ್ನು ಆರಿಸುತ್ತದೆ. ಶಾಲಾ ಪುಸ್ತಕಗಳ ಮೂರು ವೃತ್ತಗಳ ವಿಧಾನ ಇದು.

ವಾಸ್ತವದಲ್ಲಿ ಮೂರು ವೃತ್ತಗಳು ಒಂದೇ ಬಿಂದುವಿನಲ್ಲಿ ಕೂಡುವುದೇ ಇಲ್ಲ. ಭೂಕಂಪನಾಭಿ ಆಳದಲ್ಲಿರುತ್ತದೆ, ಅಲೆಯ ವೇಗ ಜಾಗದಿಂದ ಜಾಗಕ್ಕೆ ಬೇರೆ, ಎಸ್ ಅಲೆಯ ಆರಂಭವನ್ನು ಗದ್ದಲದ ನಡುವೆ ಗುರುತಿಸುವುದು ಕಷ್ಟ. ಆದ್ದರಿಂದ ಕಂಪ್ಯೂಟರುಗಳು ಬೇರೆ ದಾರಿ ಹಿಡಿಯುತ್ತವೆ. ಮೊದಲು ಒಂದು ಅಂದಾಜು ಜಾಗ, ಆಳ ಮತ್ತು ಉಗಮಕಾಲವನ್ನು ಊಹಿಸುವುದು. ಅಲ್ಲಿಂದ ಹೊರಟರೆ ಪ್ರತಿ ನಿಲ್ದಾಣಕ್ಕೂ ಅಲೆ ಎಷ್ಟು ಹೊತ್ತಿಗೆ ಬರಬೇಕಿತ್ತೆಂದು ಲೆಕ್ಕಹಾಕುವುದು. ನಿಜವಾಗಿ ಬಂದ ಹೊತ್ತಿಗೂ ಅದಕ್ಕೂ ಇರುವ ವ್ಯತ್ಯಾಸ ಒಟ್ಟಾರೆ ಅತಿ ಕಡಿಮೆಯಾಗುವಂತೆ ಊಹೆಯನ್ನು ಸರಿಸುತ್ತ ಹೋಗುವುದು. ಲುಡ್‌ವಿಗ್ ಗೈಗರ್ 1910ರಲ್ಲಿ ರೂಪಿಸಿದ ಈ ಕ್ರಮ ಕೈಲೆಕ್ಕಕ್ಕೆ ತೀರ ಉದ್ದವಾದುದು. ಅದು ನಿತ್ಯದ ಬಳಕೆಗೆ ಬಂದದ್ದು ಕಂಪ್ಯೂಟರಿನೊಂದಿಗೆ. ಕಂಡುಹಿಡಿಯಬೇಕಾದವು ನಾಲ್ಕು: ಅಕ್ಷಾಂಶ, ರೇಖಾಂಶ, ಆಳ, ಉಗಮಕಾಲ. ಹಾಗಾಗಿ ಕನಿಷ್ಠ ನಾಲ್ಕು ಆಗಮನ ಕಾಲಗಳು ಬೇಕು. ನಂಬಲರ್ಹ ಫಲಿತಾಂಶಕ್ಕೆ ಇನ್ನೂ ಹೆಚ್ಚು. ಉಗಮಕಾಲವೊಂದನ್ನೇ ಪಡೆಯಲು ಜಪಾನಿನ ಕಿಯೋ ವಾದಾತಿ 1930ರ ದಶಕದಲ್ಲಿ ಸರಳ ನಕ್ಷೆಯೊಂದನ್ನು ಕೊಟ್ಟರು: ಪಿ ಅಲೆ ಬಂದ ಹೊತ್ತಿನ ಎದುರು ಕಾಲಾಂತರವನ್ನು ಗುರುತಿಸಿ ಗೆರೆ ಎಳೆದರೆ, ಕಾಲಾಂತರ ಸೊನ್ನೆಯಾಗುವ ಬಿಂದುವೇ ಉಗಮಕಾಲ.

ಸುಮಾರು 200 ಕಿ.ಮೀ.ಗಿಂತ ದೂರದಲ್ಲಿ ಮೊದಲು ಮುಟ್ಟುವುದು ಭೂತೊಗಟೆಯಲ್ಲಿ ನೇರವಾಗಿ ಬಂದ ಅಲೆಯಲ್ಲ. ಕೆಳಗಿನ ಮ್ಯಾಂಟಲ್‌ಗೆ ಇಳಿದು, ಅಲ್ಲಿ ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿ ಓಡಿ, ಮತ್ತೆ ಮೇಲೆದ್ದ ಅಲೆ. 1909ರಲ್ಲಿ ಆಂದ್ರಿಯಾ ಮೊಹೊರೊವಿಚಿಚ್ ಭೂತೊಗಟೆಯ ತಳವನ್ನು ಪತ್ತೆಮಾಡಿದ್ದು ಈ ಎರಡು ಅಲೆಗಳನ್ನು ಬೇರ್ಪಡಿಸಿಯೇ. ಇದನ್ನು ಮರೆತು ಕಾಲಾಂತರದ ‘ಸೆಕೆಂಡಿಗೆ 8 ಕಿ.ಮೀ.’ ಸೂತ್ರವನ್ನು ದೂರದ ಭೂಕಂಪಗಳಿಗೂ ಹಚ್ಚಿದರೆ ಉತ್ತರ ತಪ್ಪುತ್ತದೆ. ದೂರದವಕ್ಕೆ ಇಡೀ ಭೂಗೋಳಕ್ಕೆ ಅನ್ವಯಿಸುವ ಪ್ರಯಾಣಕಾಲದ ಕೋಷ್ಟಕಗಳಿವೆ.

ನಿಲ್ದಾಣಗಳ ಹಂಚಿಕೆ

ನಿಲ್ದಾಣಗಳ ಸಂಖ್ಯೆಗಿಂತ ಅವು ಭೂಕಂಪವನ್ನು ಸುತ್ತುವರಿದಿವೆಯೇ ಎಂಬುದು ಮುಖ್ಯ. ಶಿವಮೊಗ್ಗದಿಂದ ನೋಡಿದರೆ ಗೌರಿಬಿದನೂರು ಪೂರ್ವಕ್ಕೆ, ಸುಮಾರು 500 ಕಿ.ಮೀ. ದೂರದ ಹೈದರಾಬಾದ್ ಈಶಾನ್ಯಕ್ಕೆ, ಸುಮಾರು 460 ಕಿ.ಮೀ. ದೂರದ ಕೊಡೈಕೆನಾಲ್ ಆಗ್ನೇಯಕ್ಕೆ. ದಕ್ಷಿಣ ಭಾರತದ ಈ ಮೂರು ಹಳೆಯ ನಿಲ್ದಾಣಗಳಷ್ಟರಿಂದಲೇ ಲೆಕ್ಕ ಹಾಕಿದರೆ ಉತ್ತರದಿಂದ ಪಶ್ಚಿಮದ ಮೂಲಕ ದಕ್ಷಿಣದವರೆಗೆ 240 ಡಿಗ್ರಿಗೂ ಹೆಚ್ಚಿನ ಕೋನ ಖಾಲಿ ಉಳಿಯುತ್ತದೆ. ಈ ಖಾಲಿ ಕೋನ 180 ಡಿಗ್ರಿ ಮೀರಿದರೆ ಅಧಿಕೇಂದ್ರ ಒಂದು ದಿಕ್ಕಿಗೆ ಜಾರುವ ಸಂಭವ ಹೆಚ್ಚು. ಮಲೆನಾಡು ಮತ್ತು ಕರಾವಳಿಯ ಭೂಕಂಪಗಳಿಗೆ ಪಶ್ಚಿಮದಲ್ಲಿ ಅರಬ್ಬೀ ಸಮುದ್ರವಿರುವುದರಿಂದ ಈ ತೊಂದರೆ ಸಹಜವಾಗಿಯೇ ಇದೆ. ಕರಾವಳಿಯಲ್ಲೂ ಅಣೆಕಟ್ಟೆಗಳ ಬಳಿಯೂ ಸ್ಥಳೀಯ ನಿಲ್ದಾಣಗಳಿದ್ದರೆ ಮಾತ್ರ ಅದು ಕಡಿಮೆಯಾಗುತ್ತದೆ.

ಆಳ

ನಾಲ್ಕು ಅಜ್ಞಾತಗಳಲ್ಲಿ ಅತ್ಯಂತ ಕಷ್ಟದ್ದು ಆಳ. ನಿಲ್ದಾಣ ದೂರವಿದ್ದಾಗ ಭೂಕಂಪ ಸ್ವಲ್ಪ ಆಳಕ್ಕೆ ಹೋದರೂ ಉಗಮಕಾಲ ಸ್ವಲ್ಪ ಹಿಂದಕ್ಕೆ ಸರಿದರೂ ಆಗಮನದ ಹೊತ್ತು ಬಹುತೇಕ ಒಂದೇ ಬರುತ್ತದೆ. ಅಧಿಕೇಂದ್ರದಿಂದ ಭೂಕಂಪದ ಆಳದಷ್ಟೇ ದೂರದಲ್ಲಿ, ಅಂದರೆ 10–15 ಕಿ.ಮೀ. ಒಳಗೆ, ಒಂದು ನಿಲ್ದಾಣವಾದರೂ ಇರಬೇಕು. ಇಲ್ಲದಿದ್ದರೆ ವಿಶ್ಲೇಷಕರು ಆಳವನ್ನು 10 ಕಿ.ಮೀ. ಎಂಬಂಥ ಒಂದು ವಾಡಿಕೆಯ ಬೆಲೆಗೆ ಕಟ್ಟಿಹಾಕಿ ಉಳಿದ ಮೂರನ್ನು ಬಿಡಿಸುತ್ತಾರೆ. ಪ್ರಕಟಣೆಗಳಲ್ಲಿ ‘ಆಳ 10 ಕಿ.ಮೀ.’ ಪದೇಪದೇ ಕಾಣುವುದಕ್ಕೆ ಇದೊಂದು ಕಾರಣ. ಆ ಅಂಕಿಯನ್ನು ಯಾವಾಗಲೂ ಅಳತೆಯೆಂದು ಓದಬಾರದು.

ಊರೊಂದರಲ್ಲಿ ಸಣ್ಣ ಭೂಕಂಪಗಳು ಸರಣಿಯಾಗಿ ಬರತೊಡಗಿದಾಗ ತಾತ್ಕಾಲಿಕ ಮಾಪಕಗಳನ್ನು ಆ ಊರಿಗೇ ಒಯ್ಯುವುದು ಮುಖ್ಯವಾಗಿ ಆಳದ ಸಲುವಾಗಿ. ಒಂದೇ ಕಡೆ ಆದ ಭೂಕಂಪಗಳನ್ನು ಜೋಡಿಜೋಡಿಯಾಗಿ ಹೋಲಿಸಿ ಪರಸ್ಪರ ಸ್ಥಾನವನ್ನು ನಿಖರಗೊಳಿಸುವ, 2000ದಲ್ಲಿ ಪ್ರಕಟವಾದ ಜೋಡಿ ವ್ಯತ್ಯಾಸ ವಿಧಾನವೂ ಇಂಥ ಸರಣಿಗಳಲ್ಲಿ ಉಪಯುಕ್ತ. ಬಿಡಿಬಿಡಿಯಾಗಿ ಚದುರಿದಂತೆ ಕಂಡ ಬಿಂದುಗಳು ಆಗ ಒಂದು ಸ್ತರಭಂಗದ ಗೆರೆಯಾಗಿ ಕೂಡಿಕೊಳ್ಳುತ್ತವೆ.

ಗೌರಿಬಿದನೂರು ವ್ಯೂಹ

ಒಂದೇ ಮಾಪಕಕ್ಕೆ ಬದಲು ಹಲವು ಮಾಪಕಗಳನ್ನು ನಿರ್ದಿಷ್ಟ ಆಕಾರದಲ್ಲಿ ಹರಡಿ ಒಂದೇ ಉಪಕರಣದಂತೆ ಬಳಸುವುದು ವ್ಯೂಹ. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದೊಂದಿಗೆ 1965ರಲ್ಲಿ ಸ್ಥಾಪನೆಯಾದ ವ್ಯೂಹವನ್ನು ಭಾಭಾ ಪರಮಾಣು ಸಂಶೋಧನ ಕೇಂದ್ರ ನಡೆಸುತ್ತದೆ. ಎರಡು ಉದ್ದನೆಯ ಬಾಹುಗಳ ಮೇಲೆ 20 ಮಾಪಕಗಳನ್ನು ನೆಟ್ಟ ಈ ವ್ಯೂಹದ ಮೊದಲ ಉದ್ದೇಶ ಭೂಗತ ಪರಮಾಣು ಪರೀಕ್ಷೆಗಳನ್ನು ಪತ್ತೆಹಚ್ಚುವುದು. ಕೆನಡಾದ ಯೆಲ್ಲೋನೈಫ್, ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಆಸ್ಟ್ರೇಲಿಯಾದ ವಾರಮುಂಗಾ ಇದೇ ಮಾದರಿಯವು.

ಅಲೆ ಯಾವ ಮಾಪಕವನ್ನು ಮೊದಲು ಮುಟ್ಟಿತು, ಯಾವುದನ್ನು ಕೊನೆಗೆ ಎಂಬುದರಿಂದ ಅದು ಬಂದ ದಿಕ್ಕು ನೇರವಾಗಿ ಸಿಗುತ್ತದೆ. ಮಾಪಕಗಳ ದಾಖಲೆಗಳನ್ನು ತಕ್ಕಷ್ಟು ಹಿಂದೆಮುಂದೆ ಸರಿಸಿ ಕೂಡಿಸಿದಾಗ ಅಲೆ ಬಲಗೊಳ್ಳುತ್ತದೆ, ಗದ್ದಲ ಪರಸ್ಪರ ಕಳೆದುಹೋಗುತ್ತದೆ. 20 ಮಾಪಕಗಳಿಂದ ಸಿಗುವ ಲಾಭ ಸುಮಾರು 4.5 ಪಟ್ಟು. ಹೀಗಾಗಿ ಒಂಟಿ ನಿಲ್ದಾಣದಲ್ಲಿ ಗದ್ದಲದಡಿ ಮುಳುಗುವ ದುರ್ಬಲ ಅಲೆಯನ್ನೂ ವ್ಯೂಹ ಹಿಡಿಯುತ್ತದೆ.

ಪರಿಮಾಣದ ಬಗೆಗಳು

ಸ್ಥಳೀಯ ಪರಿಮಾಣ: ಕ್ಯಾಲಿಫೋರ್ನಿಯಾದ ಚಾರ್ಲ್ಸ್ ರಿಕ್ಟರ್ 1935ರಲ್ಲಿ, ಬೆನೊ ಗುಟೆನ್‌ಬರ್ಗ್ ಅವರ ಸಲಹೆಯೊಂದಿಗೆ, ಈ ಅಳತೆಯನ್ನು ರೂಪಿಸಿದರು. 100 ಕಿ.ಮೀ. ದೂರದಲ್ಲಿರುವ ವುಡ್–ಆಂಡರ್ಸನ್ ಮಾಪಕ ದಾಖಲೆಯ ಮೇಲೆ 1 ಮಿ.ಮೀ. ಎತ್ತರದ ಗೆರೆ ಬರೆದರೆ ಆ ಭೂಕಂಪದ ಪರಿಮಾಣ 3. ಗೆರೆ 10 ಮಿ.ಮೀ. ಇದ್ದರೆ 4, 100 ಮಿ.ಮೀ. ಇದ್ದರೆ 5. ಇದು ಲಘುಗಣಕ ಅಳತೆ. ಒಂದಂಕಿ ಏರಿದರೆ ಕಂಪನ ವಿಸ್ತಾರ 10 ಪಟ್ಟು. ನಿಲ್ದಾಣ 100 ಕಿ.ಮೀ. ದೂರದಲ್ಲೇ ಇರಬೇಕೆಂದಿಲ್ಲ, ದೂರಕ್ಕೆ ತಕ್ಕ ತಿದ್ದುಪಡಿಯ ಕೋಷ್ಟಕವಿದೆ. ಆ ಕೋಷ್ಟಕ ದಕ್ಷಿಣ ಕ್ಯಾಲಿಫೋರ್ನಿಯಾದ್ದು. ಅಲೆಗಳನ್ನು ಕಡಿಮೆ ಹೀರುವ ಪರ್ಯಾಯದ್ವೀಪದ ನೆಲಕ್ಕೆ ಅದನ್ನು ಹಾಗೆಯೇ ಬಳಸಿದರೆ ಪರಿಮಾಣ ಹೆಚ್ಚಾಗಿ ಬರುತ್ತದೆ, ಆದ್ದರಿಂದ ಪ್ರದೇಶಕ್ಕೊಂದು ತಿದ್ದುಪಡಿ ಬೇಕು. ಪರಿಮಾಣಕ್ಕೆ ಕೆಳಗಿನ ಮಿತಿ ಇಲ್ಲ. ಅತಿ ಸಣ್ಣ ಕಂಪನಗಳಿಗೆ ಋಣಸಂಖ್ಯೆಯೂ ಬರುತ್ತದೆ. ರಿಕ್ಟರ್ ಮಾಪಕ ಎಂಬ ಉಪಕರಣ ಇಲ್ಲ, ಇರುವುದು ಲೆಕ್ಕದ ಸೂತ್ರ.

ಒಡಲ ಅಲೆಯ ಪರಿಮಾಣ ಮತ್ತು ಮೇಲ್ಮೈ ಅಲೆಯ ಪರಿಮಾಣ: ದೂರದ ಭೂಕಂಪಗಳಿಗಾಗಿ ಬಂದವು. ಮೊದಲನೆಯದು ಪಿ ಅಲೆಯನ್ನು, ಎರಡನೆಯದು ಸುಮಾರು 20 ಸೆಕೆಂಡು ಅವಧಿಯ ಮೇಲ್ಮೈ ಅಲೆಯನ್ನು ಅಳೆಯುತ್ತದೆ. ಈ ಮೂರೂ ಅಳತೆಗಳಿಗೆ ಒಂದು ಸಮಾನ ದೋಷವಿದೆ: ಭೂಕಂಪ ಒಂದು ಗಾತ್ರ ಮೀರಿದ ಮೇಲೆ ಅಂಕಿ ಏರುವುದಿಲ್ಲ. ದೊಡ್ಡ ಸ್ತರಭಂಗ ಹೊರಡಿಸುವ ಹೆಚ್ಚುವರಿ ಶಕ್ತಿ ಇನ್ನೂ ದೀರ್ಘಾವಧಿಯ ಅಲೆಗಳಲ್ಲಿರುತ್ತದೆ, ಈ ಅಳತೆಗಳು ಅದನ್ನು ನೋಡುವುದೇ ಇಲ್ಲ.

ಮೊಮೆಂಟ್ ಪರಿಮಾಣ: ಹಿರೂ ಕನಾಮೋರಿ ಮತ್ತು ಥಾಮಸ್ ಹ್ಯಾಂಕ್ಸ್ 1979ರಲ್ಲಿ ಸೂತ್ರೀಕರಿಸಿದ, ಈಗ ಮಧ್ಯಮ ಮತ್ತು ದೊಡ್ಡ ಭೂಕಂಪಗಳಿಗೆ ಎಲ್ಲೆಡೆ ಒಪ್ಪಿತವಾದ ಅಳತೆ. ಇದರ ಆಧಾರ ಕೀಟಿ ಅಕಿ 1966ರಲ್ಲಿ ಅನ್ವಯಿಸಿ ತೋರಿಸಿದ ಭೂಕಂಪ ಮೊಮೆಂಟ್: ಬಂಡೆಯ ಬಿಗಿತ, ಸರಿದ ಸ್ತರಭಂಗದ ವಿಸ್ತೀರ್ಣ ಮತ್ತು ಸರಾಸರಿ ಸರಿತ, ಈ ಮೂರರ ಗುಣಲಬ್ಧ. ನ್ಯೂಟನ್–ಮೀಟರ್‌ಗಳಲ್ಲಿ ಬಂದ ಮೊಮೆಂಟಿನ ಲಘುಗಣಕದಿಂದ 9.1 ಕಳೆದು, ಉಳಿದುದನ್ನು ಮೂರರಲ್ಲಿ ಎರಡು ಪಾಲು ಮಾಡಿದರೆ ಪರಿಮಾಣ ಸಿಗುತ್ತದೆ. 10 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ಸ್ತರಭಂಗ ಅರ್ಧ ಮೀಟರ್ ಸರಿದರೆ ಉತ್ತರ ಸುಮಾರು 6. ಪರಿಮಾಣ 3ರ ಭೂಕಂಪದಲ್ಲಿ ಸರಿಯುವುದು ಕೆಲವು ನೂರು ಮೀಟರ್ ಅಗಲದ ತುಂಡು, ಒಂದೆರಡು ಸೆಂಟಿಮೀಟರಿನಷ್ಟು. ಈ ಅಳತೆಗೆ ಮೇಲಿನ ಮಿತಿಯ ದೋಷವಿಲ್ಲ. ದಾಖಲಾದವುಗಳಲ್ಲಿ ಅತಿ ದೊಡ್ಡದಾದ 1960ರ ಚಿಲಿ ಭೂಕಂಪದ 9.5 ಎಂಬ ಅಂಕಿ ಮೊಮೆಂಟ್ ಪರಿಮಾಣವೇ.

ಪರಿಮಾಣ ಒಂದಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. 2022ರ ಜೂನ್ 28ರಂದು ಕೊಡಗಿನ ಚೆಂಬು ಸುತ್ತಮುತ್ತ, ಸುಳ್ಯ ತಾಲ್ಲೂಕಿನಲ್ಲಿ ಮತ್ತು ಕಾಸರಗೋಡಿನ ಗಡಿಭಾಗದಲ್ಲಿ ಅರಿವಿಗೆ ಬಂದ ಭೂಕಂಪದ ಪರಿಮಾಣ 3.0. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರ್ ಮತ್ತು ಕಲಬುರಗಿ ಗಡಿಯಾಚೆಯ ಕಿಲ್ಲಾರಿಯನ್ನು ಕೆಡವಿದ ಲಾತೂರ್ ಭೂಕಂಪದ್ದು 6.2. ಅಂಕಿಯಲ್ಲಿ ದುಪ್ಪಟ್ಟಿಗಿಂತ ಸ್ವಲ್ಪವೇ ಹೆಚ್ಚು. ಶಕ್ತಿಯಲ್ಲಿ ಸುಮಾರು 60,000 ಪಟ್ಟು.

ಒಂದೇ ಭೂಕಂಪಕ್ಕೆ ಬೇರೆಬೇರೆ ಸಂಸ್ಥೆಗಳು 0.2 ಅಥವಾ 0.3ರಷ್ಟು ಬೇರೆ ಅಂಕಿ ಕೊಡುವುದು ಸಾಮಾನ್ಯ. ಬಳಸಿದ ನಿಲ್ದಾಣಗಳು, ಪರಿಮಾಣದ ಬಗೆ, ದೂರದ ತಿದ್ದುಪಡಿ ಬೇರೆ ಇರುತ್ತವೆ. ಮೊದಲ ಅಂಕಿ ಕಂಪ್ಯೂಟರಿನದು, ನಂತರದ್ದು ವಿಶ್ಲೇಷಕರು ಪರಿಶೀಲಿಸಿದ್ದು.

ತೀವ್ರತೆ

ಪರಿಷ್ಕೃತ ಮರ್ಕ್ಯಾಲಿ ಮತ್ತು ಎಂಎಸ್‌ಕೆ–64 ಎಂಬ 12 ಹಂತಗಳ ಪಟ್ಟಿಗಳು ಬಳಕೆಯಲ್ಲಿವೆ. ಮಾಪಕ ಬೇಕಿಲ್ಲ, ಜನರಿಗೆ ಆದ ಅನುಭವ, ಪಾತ್ರೆ–ಕಿಟಕಿಗಳ ಅಲುಗಾಟ, ಗೋಡೆಯ ಬಿರುಕು, ಕಟ್ಟಡಗಳ ಕುಸಿತವನ್ನು ನೋಡಿ ಹಂತ ನಿರ್ಧರಿಸುತ್ತಾರೆ. ಮಾಪಕಗಳಿಗಿಂತ ಹಿಂದಿನ ಭೂಕಂಪಗಳ ಗಾತ್ರವನ್ನು ಅಂದಾಜಿಸಲು, ಉದಾಹರಣೆಗೆ 1843ರ ಬಳ್ಳಾರಿ ಭೂಕಂಪಕ್ಕೆ, ಇದೊಂದೇ ದಾರಿ. ದೂರ, ಆಳ ಮತ್ತು ನೆಲದ ಗುಣ ತೀವ್ರತೆಯನ್ನು ತೀರ್ಮಾನಿಸುತ್ತವೆ. ಗುಡ್ಡದ ಬಂಡೆ ನೆಲಕ್ಕಿಂತ ತುಂಗಾ, ಭದ್ರಾ ದಡಗಳ ಮೆಕ್ಕಲು ಮಣ್ಣಿನಲ್ಲಿ ಅದೇ ಅಲೆ ಹೆಚ್ಚು ಅಲುಗಿಸಬಲ್ಲದು. ಕಿಲ್ಲಾರಿಯಲ್ಲಿ ಭೂಕಂಪನಾಭಿ ಕೆಲವೇ ಕಿ.ಮೀ. ಆಳದಲ್ಲಿತ್ತು, ಮನೆಗಳು ಕಲ್ಲು–ಮಣ್ಣಿನ ದಪ್ಪ ಗೋಡೆಯವು. ಜಾಗತಿಕ ಲೆಕ್ಕದಲ್ಲಿ ಮಧ್ಯಮ ಎನಿಸುವ ಪರಿಮಾಣಕ್ಕೆ ಸುಮಾರು 10,000 ಜನ ಬಲಿಯಾಗಲು ಇವೇ ಕಾರಣ.

ಭೂಕಂಪ ಮತ್ತು ಸ್ಫೋಟ: ಹುಣಸೋಡು ಪ್ರಕರಣ

2021ರ ಜನವರಿ 21ರಂದು ರಾತ್ರಿ 10 ಗಂಟೆಯ ನಂತರ ಶಿವಮೊಗ್ಗ, ಭದ್ರಾವತಿ ಮತ್ತು ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಭಾಗಗಳಲ್ಲಿ ಭಾರೀ ಸದ್ದು ಮತ್ತು ನಡುಕ ಉಂಟಾಯಿತು. ಜನ ಮನೆಗಳಿಂದ ಹೊರಬಂದರು. ಭೂಕಂಪವೆಂಬ ಸುದ್ದಿ ಹರಡಿತು. ಭೂಕಂಪ ವೀಕ್ಷಣಾಲಯಗಳನ್ನು ವಿಚಾರಿಸಿದಾಗ ಭೂಕಂಪ ದಾಖಲಾಗಿಲ್ಲವೆಂಬ ಉತ್ತರ ಬಂತು. ಶಿವಮೊಗ್ಗ ನಗರದಿಂದ ಕೆಲವೇ ಕಿ.ಮೀ. ದೂರದ ಹುಣಸೋಡಿನ ಕಲ್ಲುಕ್ವಾರಿ–ಕ್ರಷರ್ ಬಳಿ ಜಿಲೆಟಿನ್ ಕಡ್ಡಿಗಳನ್ನು ತುಂಬಿದ್ದ ವಾಹನ ಸ್ಫೋಟಗೊಂಡಿದ್ದು, ಅಲ್ಲಿದ್ದ ಕಾರ್ಮಿಕರು ಮೃತಪಟ್ಟದ್ದು ನಂತರ ಗೊತ್ತಾಯಿತು.

ನೆಲದ ಮೇಲಾಗುವ ಸ್ಫೋಟದ ಶಕ್ತಿಯಲ್ಲಿ ಬಂಡೆಯೊಳಗೆ ಇಳಿಯುವುದು ಅಲ್ಪಾಂಶ. ಉಳಿದುದು ಗಾಳಿಯಲ್ಲಿ ಒತ್ತಡದ ಅಲೆಯಾಗಿ ಹರಡಿ ಕಿಟಕಿ, ಬಾಗಿಲು, ತಗಡಿನ ಚಾವಣಿಗಳನ್ನು ಅಲುಗಿಸುತ್ತದೆ. ಒಳಗಿರುವವರಿಗೆ ಅದು ನೆಲದಿಂದಲೇ ಬಂದಂತೆ ಅನಿಸುತ್ತದೆ. ವೇಗ ಇವೆರಡನ್ನು ಬೇರ್ಪಡಿಸುತ್ತದೆ: ಭದ್ರಾವತಿಯಷ್ಟು, ಅಂದರೆ 20 ಕಿ.ಮೀ. ಆಸುಪಾಸಿನ ದೂರಕ್ಕೆ ನೆಲದೊಳಗಿನ ಪಿ ಅಲೆ 4 ಸೆಕೆಂಡಿನೊಳಗೆ ಮುಟ್ಟಿದರೆ, ಸೆಕೆಂಡಿಗೆ ಸುಮಾರು 340 ಮೀಟರ್ ವೇಗದ ಗಾಳಿಯ ಅಲೆಗೆ ಒಂದು ನಿಮಿಷದಷ್ಟು ಬೇಕು. ಹೋಲಿಕೆಗೆ, ಗಟ್ಟಿ ಬಂಡೆಯ ಆಳದಲ್ಲಿ ಹುದುಗಿಸಿಟ್ಟ 1 ಕಿಲೋಟನ್ ಸ್ಫೋಟವೂ ಪರಿಮಾಣ ಸುಮಾರು 4ರ ಭೂಕಂಪದಷ್ಟೇ ಅಲೆಗಳನ್ನು ಹೊರಡಿಸುತ್ತದೆ; ಲಾರಿಯೊಂದು ಹೊರುವ ಸ್ಫೋಟಕ ಅದರ ಅತಿ ಸಣ್ಣ ಪಾಲು.

ಸ್ಫೋಟದ ಅಲೆಗಳು ಮಾಪಕದಲ್ಲಿ ದಾಖಲಾದಾಗಲೂ ಅವನ್ನು ಗುರುತಿಸುವ ಲಕ್ಷಣಗಳಿವೆ. ಸ್ಫೋಟ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುವುದರಿಂದ ಎಲ್ಲ ನಿಲ್ದಾಣಗಳಲ್ಲೂ ನೆಲದ ಮೊದಲ ಚಲನೆ ಮೇಲ್ಮುಖ. ಸ್ತರಭಂಗ ಸರಿದಾಗ ಕೆಲವು ದಿಕ್ಕಿನ ನಿಲ್ದಾಣಗಳಲ್ಲಿ ಮೇಲ್ಮುಖ, ಉಳಿದವುಗಳಲ್ಲಿ ಕೆಳಮುಖ. ಸ್ಫೋಟದಲ್ಲಿ ಪಿ ಅಲೆ ಬಲವಾಗಿಯೂ ಎಸ್ ಅಲೆ ದುರ್ಬಲವಾಗಿಯೂ ಇರುತ್ತದೆ. ಲೆಕ್ಕಕ್ಕೆ ಬರುವ ಆಳ ಸೊನ್ನೆಯ ಸಮೀಪ. ಕ್ವಾರಿಗಳಲ್ಲಿ ಕುಳಿಗಳನ್ನು ಕೆಲವೇ ಮಿಲಿಸೆಕೆಂಡು ಅಂತರದಲ್ಲಿ ಸಾಲಾಗಿ ಸಿಡಿಸುವುದರಿಂದ ದಾಖಲೆಯ ಆವೃತ್ತಿಗಳಲ್ಲಿ ಕ್ರಮಬದ್ಧ ಪಟ್ಟಿಗಳು ಕಾಣುತ್ತವೆ. ಕ್ವಾರಿ ಸಿಡಿತಗಳು ಸಾಮಾನ್ಯವಾಗಿ ಹಗಲಿನ ಕೆಲಸದ ಹೊತ್ತಿನವು ಎಂಬುದೂ ಒಂದು ಸುಳಿವು, ಹುಣಸೋಡಿನಲ್ಲಿ ಮಾತ್ರ ಅದು ಹೊಂದಲಿಲ್ಲ.

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಕೇಳಿದ ಭಾರೀ ಸದ್ದು ಇದೇ ವರ್ಗದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಲ್ಲಿ ಭೂಕಂಪದ ಗುರುತಿರಲಿಲ್ಲ. ಶಬ್ದಾತೀತ ವೇಗದ ಹಂತವಿದ್ದ ವಾಯುಪಡೆಯ ಪರೀಕ್ಷಾ ಹಾರಾಟ ಅದಕ್ಕೆ ಕಾರಣವೆಂದು ರಕ್ಷಣಾ ಇಲಾಖೆ ತಿಳಿಸಿತು.

ಉಪಯೋಗ

ಅಧಿಕೇಂದ್ರ ಮತ್ತು ಪರಿಮಾಣ ತಿಳಿದೊಡನೆ ಪರಿಹಾರ ಕಾರ್ಯ ಯಾವ ಕಡೆ ಹೋಗಬೇಕು, ಸುನಾಮಿ ಎಚ್ಚರಿಕೆ ಬೇಕೇ ಎಂಬುದು ನಿರ್ಧಾರವಾಗುತ್ತದೆ. ದಶಕಗಳ ಪಟ್ಟಿ ಸೇರಿದಾಗ ಸ್ತರಭಂಗಗಳ ನಕ್ಷೆಯೂ ಕಟ್ಟಡ ಸಂಹಿತೆಯ ಭೂಕಂಪ ವಲಯಗಳೂ ರೂಪುಗೊಳ್ಳುತ್ತವೆ. ಭಾರತೀಯ ಮಾನಕ ಸಂಖ್ಯೆ 1893ರ 2002ನೆಯ ಇಸವಿಯ ಆವೃತ್ತಿ ದೇಶವನ್ನು 2ರಿಂದ 5ರವರೆಗಿನ ನಾಲ್ಕು ವಲಯಗಳಾಗಿ ವಿಂಗಡಿಸಿತು. ಅದರಲ್ಲಿ ಕರ್ನಾಟಕದ ಹೆಚ್ಚಿನ ಭಾಗ 2ನೆಯ ವಲಯದಲ್ಲಿ, ಕರಾವಳಿ ಮತ್ತು ಉತ್ತರದ ಗಡಿಭಾಗಗಳು 3ನೆಯ ವಲಯದಲ್ಲಿ ಬಂದವು. ಅಣೆಕಟ್ಟೆಗಳ ಬಳಿ ನಿಗಾ ಇಡುವುದು ಇನ್ನೊಂದು ಉಪಯೋಗ. 1967ರ ಡಿಸೆಂಬರ್ 11ರ ನಸುಕಿನ ಕೊಯ್ನಾ ಭೂಕಂಪವನ್ನು, ಪರಿಮಾಣ 6.3, ಜಲಾಶಯದ ನೀರಿನಿಂದ ಪ್ರಚೋದಿತವಾದವುಗಳಲ್ಲಿ ಅತಿ ದೊಡ್ಡದೆಂದು ಪರಿಗಣಿಸಲಾಗಿದೆ. ಲಿಂಗನಮಕ್ಕಿ, ಭದ್ರಾ, ಗಾಜನೂರಿನ ತುಂಗಾ ಅಣೆಕಟ್ಟೆಗಳಿರುವ ಶಿವಮೊಗ್ಗ ಸೀಮೆಯಲ್ಲಿ ಈ ವಿಷಯಕ್ಕೆ ನೇರ ಮಹತ್ವವಿದೆ.

ಪಿ ಅಲೆಯನ್ನು ಹಿಡಿದು, ವಿನಾಶಕಾರಿ ಎಸ್ ಅಲೆ ಬರುವ ಮೊದಲೇ ಎಚ್ಚರಿಸುವ ಮುನ್ನೆಚ್ಚರಿಕೆ ವ್ಯವಸ್ಥೆ ಜಪಾನಿನಲ್ಲಿ ಬಳಕೆಯಲ್ಲಿದೆ; ಭಾರತದಲ್ಲಿ ಉತ್ತರಾಖಂಡ 2021ರಲ್ಲಿ ಇಂಥದ್ದನ್ನು ಆರಂಭಿಸಿತು. ಇದು ಆಗಿಹೋದ ಭೂಕಂಪದ ತ್ವರಿತ ಸ್ಥಾನ ನಿರ್ಣಯವೇ ಹೊರತು ಭವಿಷ್ಯವಾಣಿಯಲ್ಲ.

ಇಂದಿನ ಸ್ಥಿತಿ

ದೇಶದ ಭೂಕಂಪ ದಾಖಲೆಯ ಹೊಣೆ ಮೊದಲು ಭಾರತ ಹವಾಮಾನ ಇಲಾಖೆಯದಾಗಿತ್ತು; 2014ರಲ್ಲಿ ಭೂವಿಜ್ಞಾನ ಸಚಿವಾಲಯದಡಿ ರೂಪುಗೊಂಡ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ ಈಗ ಅದನ್ನು ನಿರ್ವಹಿಸುತ್ತದೆ. ಅದರ ಜಾಲದಲ್ಲಿ 150ಕ್ಕೂ ಹೆಚ್ಚು ನಿಲ್ದಾಣಗಳಿವೆ. ದತ್ತಾಂಶ ಉಪಗ್ರಹದ ಮೂಲಕ ದೆಹಲಿಗೆ ಹರಿಯುತ್ತದೆ. ಕೆಲವು ನಿಮಿಷಗಳೊಳಗೆ ಸ್ಥಾನ ಮತ್ತು ಪರಿಮಾಣ ‘ಭೂಕಂಪ್’ ಆ್ಯಪ್‌ನಲ್ಲಿ ಪ್ರಕಟವಾಗುತ್ತವೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆ 1961ರಿಂದ ಪರ್ಯಾಯದ್ವೀಪದ ಭೂಕಂಪಗಳನ್ನು ಅಧ್ಯಯನ ಮಾಡುತ್ತಿದೆ. ಲಾತೂರ್ ಭೂಕಂಪದ ನಂತರ ಪರ್ಯಾಯದ್ವೀಪದ ನಿಲ್ದಾಣಗಳು ವಿಶ್ವಬ್ಯಾಂಕ್ ನೆರವಿನಿಂದ ನವೀಕರಣಗೊಂಡವು.

ಕರ್ನಾಟಕದಲ್ಲಿ, 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆಂಗಳೂರಿನ ಯಲಹಂಕದಿಂದ ಕೆಲಸ ಮಾಡುತ್ತದೆ. ಹಲವು ಅಣೆಕಟ್ಟೆಗಳ ಬಳಿ ಅದರ ಮಾಪಕಗಳಿವೆ. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ, ಅದೇ ವರ್ಷದ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರ, 2022ರ ಮಳೆಗಾಲದಲ್ಲಿ ಚೆಂಬು–ಸುಳ್ಯ ಸರಣಿಗಳು ಈ ಜಾಲದ ಮುಂದೆ ಬಂದವು. ಗಡಿಕೇಶ್ವಾರದ ದೊಡ್ಡದರ ಪರಿಮಾಣ 4ರ ಆಸುಪಾಸಿನದಾದರೆ, ಉಳಿದೆರಡು ಸರಣಿಗಳ ದೊಡ್ಡವು ಸುಮಾರು 3. ದೇಶದ ಜಾಲ ತಪ್ಪದೆ ಹಿಡಿಯುವ ಕನಿಷ್ಠ ಪರಿಮಾಣವೂ ಹೆಚ್ಚಿನ ಕಡೆ 3ರ ಸುಮಾರಿನದೇ. ಅದಕ್ಕಿಂತ ಚಿಕ್ಕ, ಆದರೆ ಆಳ ಕಡಿಮೆಯಾದ್ದರಿಂದ ಅಧಿಕೇಂದ್ರದ ಊರಿನವರಿಗೆ ಸದ್ದಿನೊಂದಿಗೆ ಅರಿವಿಗೆ ಬರುವ ಕಂಪನಗಳನ್ನು ಸ್ಥಳೀಯ ಮಾಪಕಗಳಷ್ಟೇ ಗುರುತಿಸಬಲ್ಲವು.